ಮಳೆ ಬಂದಾಗ ಬಕೆಟ್ ಎಲ್ಲಿಡ್ತೀರಿ?

ಎಲ್ಲರಿಗೂ ನಮಸ್ಕಾರ. ಶಾಲಾ ಕಟ್ಟಡಗಳ ರಿಪೇರಿಗೆ, ಮರುನಿರ್ಮಾಣಕ್ಕೆ ಬರುವ ದುಡ್ಡನ್ನು ಯಾವ ಸರದಿಯಲ್ಲಿ ಹಂಚಬೇಕು ಅಂತ ಆವತ್ತು ಪೋಷಕರು, ಮೇಷ್ಟ್ರುಗಳು, ಅಧಿಕಾರಿಗಳು ಸೇರಿದ್ದ ಸಭೆಯಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮಾತಿನ ಓಟದಲ್ಲಿ ಅತ್ತಿತ್ತ ಹೋದದ್ದನ್ನು ಸ್ವಲ್ಪ ಸರಿಮಾಡಿದ್ದೇನೆ. ಕೊನೆಗೆ ನೀವು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಸಭೆ ಶುರುವಾಗುವ ಮೊದಲೇ ಬಾಗಿಲ ಹತ್ತಿರ ಒಬ್ಬ ತಾಯಿ ನನ್ನನ್ನು ನಿಲ್ಲಿಸಿದರು. "ಸರ್, ಪಕ್ಕದ ಶಾಲೆಗೆ ಹೊಸ ಕಟ್ಟಡಕ್ಕೆ ದುಡ್ಡು ಬಂತು. ನಮ್ಮ ಶಾಲೆ ಅದಕ್ಕಿಂತ ಹಳೇದು. ನಮಗ್ಯಾಕೆ ಬರಲಿಲ್ಲ? ಇದನ್ನೆಲ್ಲ ಯಾರು ತೀರ್ಮಾನ ಮಾಡ್ತಾರೆ?" ಅಂತ ಕೇಳಿದರು. ನಾನು ಇವತ್ತು ಹೇಳುವುದೆಲ್ಲ ಆ ಪ್ರಶ್ನೆಗೆ ಉತ್ತರ ಅಂತಲೇ ಇಟ್ಟುಕೊಳ್ಳಿ.

ಮೊದಲು ಒಂದು ಮಾತು. ಶಾಲೆಗೆ ಬರುವ ದುಡ್ಡು ಎರಡು ಥರದ್ದು. ಒಂದು ದಿನನಿತ್ಯದ ಖರ್ಚಿನದು: ಸಂಬಳ, ಕರೆಂಟ್ ಬಿಲ್, ಸೀಮೆಸುಣ್ಣ, ನಲ್ಲಿ ಕೆಟ್ಟರೆ ಹೊಸ ನಲ್ಲಿ. ಇನ್ನೊಂದು ಬಂಡವಾಳದ ದುಡ್ಡು: ಚಾವಣಿ ಬದಲಿಸುವುದು, ಇಡೀ ವೈರಿಂಗ್ ಹೊಸದಾಗಿ ಎಳೆಯುವುದು, ಹೊಸ ಕೊಠಡಿ ಕಟ್ಟುವುದು. ಇದು ಒಮ್ಮೆಗೇ ದೊಡ್ಡದಾಗಿ ಬೇಕು, ಯಾವತ್ತೂ ಎಲ್ಲರಿಗೂ ಸಾಲುವುದಿಲ್ಲ. ಹಾಗಾಗಿ ಸರದಿ ಮಾಡಲೇಬೇಕು. ಸರದಿಯಲ್ಲಿ ಯಾರು ಮುಂದೆ, ಯಾರು ಹಿಂದೆ? ಯಾರು ಜೋರಾಗಿ ಕೂಗುತ್ತಾರೋ ಅವರೋ, ಯಾರ ಕಟ್ಟಡ ನೋಡೋಕೆ ಕೆಟ್ಟದಾಗಿದೆಯೋ ಅವರೋ, ಅಥವಾ ಯಾವ ಕಟ್ಟಡವನ್ನು ಹಾಗೇ ಬಿಟ್ಟರೆ ಮಕ್ಕಳಿಗೆ ಪೆಟ್ಟಾಗುತ್ತದೋ ಅವರೋ? ಉತ್ತರ ಮೂರನೆಯದೇ ಆಗಬೇಕು ಅಂತ ನೀವೂ ಹೇಳ್ತೀರಿ, ಅಲ್ವಾ? ಕಷ್ಟ ಇರುವುದು ಅದನ್ನು ಕಂಡುಹಿಡಿಯುವುದರಲ್ಲಿ.

ನಾನು ಬಹಳ ವರ್ಷಗಳಿಂದ ಕಟ್ಟಡ ನೋಡುವ ಕೆಲಸ ಮಾಡುತ್ತಿದ್ದೇನೆ. ಶಾಲೆಗೆ ಹೋದರೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕೂರಿಸುತ್ತಾರೆ, ಕಡತ ತೋರಿಸುತ್ತಾರೆ. ನೋಡುತ್ತೇನೆ. ಆಮೇಲೆ ಶಾಲೆ ಗುಡಿಸಿ ಒರೆಸುವವರು ಎಲ್ಲಿದ್ದಾರೆ ಅಂತ ಕೇಳುತ್ತೇನೆ. ಒಂದು ಶಾಲೆಯಲ್ಲಿ ಆ ಕೆಲಸ ಮಾಡುವ ಅಮ್ಮನನ್ನು ಕೇಳಿದೆ: "ಅಮ್ಮಾ, ಮಳೆ ಬಂದಾಗ ಬಕೆಟ್ ಎಲ್ಲಿಡ್ತೀರಿ?" ಅವರು ಒಂದು ಮಾತೂ ಆಡದೆ ಮುಂದೆ ನಡೆದರು. ಎರಡನೇ ಮಹಡಿಯ ಕೊನೆಯ ಕೊಠಡಿ. ಮೂಲೆಯ ಬೆಂಚನ್ನು ಸರಿಸಿದರು. ನೆಲದ ಮೇಲೆ ಬಕೆಟ್ ತಳದಷ್ಟೇ ಅಗಲದ ದುಂಡನೆಯ ತುಕ್ಕಿನ ಕಲೆ. ಅದರ ಪಕ್ಕ ಇನ್ನೊಂದು, ಸ್ವಲ್ಪ ಹೊಸದು. ಮೊದಲು ಇಲ್ಲಿಡ್ತಿದ್ದೆ ಸರ್, ಹೋದ ಮಳೆಗಾಲದಿಂದ ಎರಡು ಬೇಕಾಗ್ತಿದೆ ಅಂದರು. ತಲೆಯೆತ್ತಿ ನೋಡಿದರೆ ಚಾವಣಿ ಬೆಳ್ಳಗಿದೆ, ಹೊಸ ಸುಣ್ಣ. ಆ ಶಾಲೆಯ ಅರ್ಜಿಯಲ್ಲಿ ಮೊದಲ ಬೇಡಿಕೆ ಏನಿತ್ತು ಗೊತ್ತಾ? ಕಾಂಪೌಂಡಿಗೆ ಹೊಸ ಗೇಟು.

ಗೇಟು ಕೇಳಿದವರನ್ನು ನಾನು ತಪ್ಪು ಅನ್ನುವುದಿಲ್ಲ. ಗೇಟು ಎಲ್ಲರ ಕಣ್ಣಿಗೆ ಬೀಳುತ್ತದೆ, ದಿನಾ ಕಿರಿಕಿರಿ ಮಾಡುತ್ತದೆ. ನೀರು ಹಾಗಲ್ಲ, ಅದರ ಕೆಲಸ ನಿಧಾನ ಮತ್ತು ಮರೆಯಲ್ಲಿ. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳಿರುತ್ತವೆ. ಹೊಸ ಕಾಂಕ್ರೀಟಿಗೆ ಕ್ಷಾರದ ಗುಣ ಜಾಸ್ತಿ, ಅದು ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ವರ್ಷ ಕಳೆದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಗಿನಿಂದ ಒಳಗೆ ಇಳಿಯುತ್ತಾ ಆ ಕ್ಷಾರವನ್ನು ತಿನ್ನುತ್ತಾ ಹೋಗುತ್ತದೆ. ಅದು ಸರಳಿನ ತನಕ ಮುಟ್ಟಿ, ಜೊತೆಗೆ ತೇವವೂ ಸಿಕ್ಕಿತು ಅಂದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಸರಳು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ತಳ್ಳುತ್ತದೆ, ಸರಳಿನ ಗುಂಟ ಬಿರುಕು ಬಿಡುತ್ತದೆ, ಬಿರುಕಿನಿಂದ ಇನ್ನಷ್ಟು ನೀರು. ಕೊನೆಗೊಂದು ದಿನ ತಳದ ಪದರ ಹಪ್ಪಳದ ಹಾಗೆ ಕಳಚಿ ಬೀಳುತ್ತದೆ. ಬೀಳುವ ತನಕ ಕೆಳಗೆ ಕೂತವರಿಗೆ ಏನೂ ಗೊತ್ತಾಗದೇ ಇರಬಹುದು.

ಇದನ್ನು ಪತ್ತೆ ಮಾಡೋಕೆ ದೊಡ್ಡ ಯಂತ್ರವೇ ಬೇಕು ಅಂತಿಲ್ಲ. ಸಣ್ಣ ಸುತ್ತಿಗೆ ಸಾಕು, ಇಲ್ಲವೇ ಒಂದು ಉದ್ದ ಕೋಲು. ಚಾವಣಿಯನ್ನು ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಬಿಟ್ಟುಕೊಂಡಿರುವಲ್ಲಿ ಡಬ್ ಅನ್ನುತ್ತದೆ, ಖಾಲಿ ಡಬ್ಬ ಬಡಿದ ಹಾಗೆ. ಮಕ್ಕಳು ಸುತ್ತ ನಿಂತು ಕೇಳಿಸಿಕೊಳ್ಳುತ್ತಾರೆ. ಹತ್ತು ಸಲ ತಟ್ಟುವಷ್ಟರಲ್ಲಿ ಅವರಿಗೇ ವ್ಯತ್ಯಾಸ ಗೊತ್ತಾಗಿ "ಸಾರ್, ಇಲ್ಲಿ ಡಬ್!" ಅಂತ ಕೂಗುತ್ತಾರೆ. ಆಮೇಲೆ ಮಕ್ಕಳನ್ನು ಹೊರಗೆ ಕಳಿಸಿ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇವೆ.

ಸರಿ, ಹೀಗೆ ಒಂದೊಂದು ಭಾಗ ನೋಡಿದ್ದಾಯ್ತು: ತಳಪಾಯ, ಗೋಡೆ, ಕಂಬ, ತೊಲೆ, ಚಾವಣಿ, ಕಿಟಕಿ ಬಾಗಿಲು, ವೈರಿಂಗ್, ನೀರು, ಶೌಚಾಲಯ, ಬೆಂಕಿಯಾದರೆ ಹೊರಗೋಡುವ ದಾರಿ. ಪ್ರತಿಯೊಂದಕ್ಕೂ ಎಷ್ಟು ವಯಸ್ಸಾಗಿದೆ, ಇನ್ನೆಷ್ಟು ವರ್ಷ ಬಾಳುತ್ತದೆ, ಸರಿ ಮಾಡೋಕೆ ಎಷ್ಟು ಬೇಕು ಅಂತ ಬರೆದಿದ್ದಾಯ್ತು. ಈಗ ನೂರಾರು ಶಾಲೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸೋದು ಹೇಗೆ? ಇದಕ್ಕೆ ಜಗತ್ತಿನ ತುಂಬ ಬಳಸುವ ಒಂದು ಲೆಕ್ಕ ಇದೆ. 1991ರಲ್ಲಿ ಅಮೆರಿಕದ ಕಾಲೇಜುಗಳ ಹಣಕಾಸು ಅಧಿಕಾರಿಗಳ ಸಂಘ ಹೊರತಂದ ಒಂದು ಪುಸ್ತಕದಿಂದ ಅದು ಹೆಸರಾಯಿತು. ಫೆಸಿಲಿಟಿ ಕಂಡೀಷನ್ ಇಂಡೆಕ್ಸ್, ಚಿಕ್ಕದಾಗಿ ಎಫ್‌ಸಿಐ. ಬಾಕಿ ಉಳಿದಿರುವ ರಿಪೇರಿಗೆಲ್ಲ ತಗಲುವ ಖರ್ಚನ್ನು, ಅದೇ ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಿದರೆ ಆಗುವ ಖರ್ಚಿನಿಂದ ಭಾಗಿಸುವುದು. ಅಷ್ಟೇ. ಕಟ್ಟೋಕೆ 100 ಪಾಲು ದುಡ್ಡು ಬೇಕು, ಬಾಕಿ ರಿಪೇರಿ 4 ಪಾಲು ಅಂದರೆ ಎಫ್‌ಸಿಐ ಶೇಕಡಾ 4. ಶೇಕಡಾ 5ರ ಒಳಗಿದ್ದರೆ ಚೆನ್ನಾಗಿದೆ, 5ರಿಂದ 10 ಇದ್ದರೆ ಪರವಾಗಿಲ್ಲ, 10 ದಾಟಿದರೆ ಕೆಟ್ಟಿದೆ ಅನ್ನುವುದು ಅಲ್ಲಿಂದ ಬಂದ ವಾಡಿಕೆ.

ಈ ಲೆಕ್ಕ ಒಳ್ಳೆಯದೇ. ನಾನೂ ಬಳಸುತ್ತೇನೆ. ಕೂಗಾಟದ ಬದಲು ಒಂದು ಸಂಖ್ಯೆ ಸಿಗುತ್ತದೆ, ದೊಡ್ಡ ಶಾಲೆ ಚಿಕ್ಕ ಶಾಲೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದು. ಆದರೆ ಇದನ್ನೊಂದೇ ನಂಬಿ ಸರದಿ ಮಾಡಿದರೆ ಏನಾಗುತ್ತದೆ ನೋಡಿ. ಎರಡು ಶಾಲೆಗಳಿವೆ ಅಂತಿಟ್ಟುಕೊಳ್ಳಿ, ಎರಡನ್ನೂ ಕಟ್ಟೋಕೆ ತಲಾ 100 ಪಾಲು. ಮೊದಲನೆಯದರಲ್ಲಿ ಬಣ್ಣ ಹೋಗಿದೆ, ನೆಲದ ಟೈಲ್ಸ್ ಒಡೆದಿವೆ, ಕಿಟಕಿಗಳೆಲ್ಲ ಹಳೇವು, ಬಾಗಿಲಿನ ಚಿಲಕ ಸರಿಯಿಲ್ಲ. ಒಟ್ಟು ಬಾಕಿ 14 ಪಾಲು. ಎರಡನೆಯದು ಥಳಥಳ ಅನ್ನುತ್ತದೆ, ಆದರೆ ಮೆಟ್ಟಿಲ ಮೇಲಿನ ತೊಲೆಯಲ್ಲಿ ಸರಳು ಕಾಣುತ್ತಿದೆ, ಮುಖ್ಯ ಸ್ವಿಚ್ ಬೋರ್ಡ್ ಬಿಸಿಯಾಗುತ್ತಿದೆ. ಸರಿ ಮಾಡೋಕೆ 3 ಪಾಲು ಸಾಕು. ಕಾಗದದ ಮೇಲೆ ಮೊದಲನೆಯದು ಕೆಟ್ಟಿದೆ, ಎರಡನೆಯದು ಚೆನ್ನಾಗಿದೆ! ಸರದಿಯಲ್ಲಿ ಎರಡನೆಯದು ಎಲ್ಲೋ ಹಿಂದೆ ನಿಂತಿರುತ್ತದೆ. ನಿಮ್ಮ ಮಗುವನ್ನು ಯಾವ ಶಾಲೆಯ ಮೆಟ್ಟಿಲು ಹತ್ತಿಸೋಕೆ ಹೆದರುತ್ತೀರಿ?

ಸರಾಸರಿಯ ತೊಂದರೆಯೇ ಇದು. ಒಂದು ಕಟ್ಟಡದ ಹತ್ತು ಭಾಗಗಳಲ್ಲಿ ಒಂಬತ್ತು ಗಟ್ಟಿಯಿದ್ದು ಒಂದು ಮುರಿಯುವ ಹಾಗಿದ್ದರೆ, ಸರಾಸರಿ ಆ ಒಂದನ್ನು ಮುಚ್ಚಿಹಾಕುತ್ತದೆ. ಅದಕ್ಕೇ ನಾನು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಇಡಬೇಕು ಅಂತ ಹಟ ಹಿಡಿಯುತ್ತೇನೆ. ಇದು ಎಷ್ಟು ಕೆಟ್ಟಿದೆ ಅನ್ನುವುದು ಒಂದು. ಇದನ್ನು ಹಾಗೇ ಬಿಟ್ಟರೆ ಏನಾಗುತ್ತದೆ, ಯಾರಿಗಾಗುತ್ತದೆ ಅನ್ನುವುದು ಇನ್ನೊಂದು. ಇಂಗ್ಲೆಂಡಿನ ಶಾಲಾ ಪರಿಶೀಲನೆಯಲ್ಲಿ ಹೀಗೆ ಎರಡು ಕಾಲಂ ಇವೆ. ಸ್ಥಿತಿಗೆ ಎ, ಬಿ, ಸಿ, ಡಿ: ಎ ಅಂದರೆ ಚೆನ್ನಾಗಿದೆ, ಡಿ ಅಂದರೆ ತೀರಾ ಕೆಟ್ಟಿದೆ. ತುರ್ತಿಗೆ 1ರಿಂದ 4: 1 ಅಂದರೆ ತಕ್ಷಣ, 2 ಅಂದರೆ ಎರಡು ವರ್ಷದೊಳಗೆ, 3 ಅಂದರೆ ಮೂರರಿಂದ ಐದು ವರ್ಷ, 4 ಅಂದರೆ ಐದು ವರ್ಷದ ನಂತರ. ಸಿ ಬಂದ ಮಾತ್ರಕ್ಕೆ ಓಡಬೇಕಿಲ್ಲ, 1 ಬಂದರೆ ಓಡಬೇಕು. ನನಗೆ ಈ ಪದ್ಧತಿ ಇಷ್ಟ.

ಆದರೆ ಅದೇ ಇಂಗ್ಲೆಂಡಿನಲ್ಲಿ ಏನಾಯ್ತು ಅನ್ನುವುದನ್ನೂ ಹೇಳಲೇಬೇಕು. ಈ ಕೆಲಸದಲ್ಲಿರುವ ಪ್ರತಿಯೊಬ್ಬರೂ ಅದನ್ನು ನೆನಪಿಟ್ಟುಕೊಳ್ಳಬೇಕು. 2017ರಿಂದ 2019ರವರೆಗೆ ಅಲ್ಲಿನ ಶಿಕ್ಷಣ ಇಲಾಖೆ 22,000ಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿಗೆ ಪರಿಣತರನ್ನು ಕಳಿಸಿ ಪರಿಶೀಲನೆ ಮಾಡಿಸಿತು. ದೊಡ್ಡ ಕೆಲಸ ಅದು, ನಿಜಕ್ಕೂ ಮೆಚ್ಚಬೇಕಾದ್ದು. ಕೆಟ್ಟಿರುವುದನ್ನೆಲ್ಲ ಸರಿ ಮಾಡೋಕೆ 1,140 ಕೋಟಿ ಪೌಂಡ್ ಬೇಕು ಅಂತ ಲೆಕ್ಕ ಬಂತು. ಆದರೆ ಅದು ಕಣ್ಣಿಗೆ ಕಾಣುವುದರ ಪರಿಶೀಲನೆ. ಗೋಡೆ ಕೊರೆಯುವುದಿಲ್ಲ, ಫಾಲ್ಸ್ ಸೀಲಿಂಗ್ ಬಿಚ್ಚುವುದಿಲ್ಲ. ಮತ್ತೆ ನಿಜವಾದ ಅಪಾಯ ಕೂತಿದ್ದದ್ದೇ ಆ ಸೀಲಿಂಗಿನ ಮೇಲೆ.

1950ರ ದಶಕದಿಂದ 1990ರ ದಶಕದ ನಡುಭಾಗದವರೆಗೆ ಅಲ್ಲಿ ಹಗುರವಾದ ಒಂದು ಬಗೆಯ ಕಾಂಕ್ರೀಟ್ ಹಲಗೆಗಳನ್ನು ಚಪ್ಪಟೆ ಚಾವಣಿಗಳಿಗೆ ಬಳಸಿದ್ದರು. ಅದನ್ನು ರ್ಯಾಕ್ ಅನ್ನುತ್ತಾರೆ. ಅದರಲ್ಲಿ ಜಲ್ಲಿ ಇಲ್ಲ, ಒಳಗೆಲ್ಲ ಗಾಳಿಗುಳ್ಳೆ, ಬ್ರೆಡ್ಡಿನ ಹಾಗೆ. ಅಗ್ಗ, ಬೇಗ ಕೂರಿಸಬಹುದು. ಆದರೆ ನೀರು ಹೀರುತ್ತದೆ, ಒಳಗಿನ ಸರಳಿಗೆ ಮಾಮೂಲಿ ಕಾಂಕ್ರೀಟ್ ಕೊಡುವ ರಕ್ಷಣೆ ಸಿಗುವುದಿಲ್ಲ. ಹಲಗೆಯ ತುದಿ ಗೋಡೆಯ ಮೇಲೆ ಸಾಕಷ್ಟು ಕೂತಿಲ್ಲ ಅಂದರೆ ಒಮ್ಮೆಲೇ ಜಾರಿ ಬೀಳುತ್ತದೆ. 2018ರಲ್ಲಿ ಕೆಂಟ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆಯ ಚಾವಣಿ ಹೀಗೇ ಕುಸಿಯಿತು. ವಾರಾಂತ್ಯ, ಒಳಗೆ ಯಾರೂ ಇರಲಿಲ್ಲ. ಮರುವರ್ಷ ಪರಿಣತರ ಸಮಿತಿ ಎಚ್ಚರಿಕೆ ಕೊಟ್ಟಿತು. 2022ರಲ್ಲಿ ಇಲಾಖೆ, ನಿಮ್ಮಲ್ಲಿ ಈ ಹಲಗೆ ಇದೆಯಾ ಅಂತ ಕೇಳಿ ಪ್ರಶ್ನಾವಳಿ ಕಳಿಸಿತು. 2023ರ ಬೇಸಿಗೆಯಲ್ಲಿ, ಅಪಾಯ ಕಡಿಮೆ ಅಂದುಕೊಂಡಿದ್ದ ಹಲಗೆಗಳೂ ಕೈಕೊಟ್ಟವು. ಆಗಸ್ಟ್ 31, ಶಾಲೆಗಳು ರಜೆ ಮುಗಿಸಿ ತೆರೆಯುವ ಹೊತ್ತು. 104 ಶಾಲೆಗಳಿಗೆ ಆ ಕೊಠಡಿಗಳನ್ನು ಮುಚ್ಚಿ ಅಂತ ಹೇಳಬೇಕಾಯ್ತು. 2024ರ ಫೆಬ್ರವರಿ ಹೊತ್ತಿಗೆ 234 ಶಾಲೆ ಕಾಲೇಜುಗಳಲ್ಲಿ ಪತ್ತೆಯಾಗಿತ್ತು. 2023ರ ಜೂನ್‌ನಲ್ಲಿ ಅಲ್ಲಿನ ಲೆಕ್ಕ ಪರಿಶೋಧನಾ ಸಂಸ್ಥೆ, ಸುಮಾರು 7 ಲಕ್ಷ ಮಕ್ಕಳು ದೊಡ್ಡ ದುರಸ್ತಿಯೋ ಮರುನಿರ್ಮಾಣವೋ ಬೇಕಾದ ಶಾಲೆಗಳಲ್ಲಿ ಓದುತ್ತಿದ್ದಾರೆ ಅಂತ ವರದಿ ಕೊಟ್ಟಿತ್ತು.

ಇದರಿಂದ ನಾನು ತಿಳಿದದ್ದು ಇಷ್ಟು. ಕಣ್ಣಿನ ಪರಿಶೀಲನೆ ಬೇಡ ಅಂತಲ್ಲ, ಅದಿಲ್ಲದೆ ಶುರು ಮಾಡೋಕೇ ಆಗುವುದಿಲ್ಲ. ಆದರೆ ಕಣ್ಣಿಗೆ ಕಾಣದ್ದು ಏನಿದೆ ಅನ್ನುವ ಪಟ್ಟಿಯನ್ನೂ ಜೊತೆಗೇ ಮಾಡಬೇಕು. ಈ ಕಟ್ಟಡ ಯಾವ ವರ್ಷದ್ದು, ಆ ವರ್ಷಗಳಲ್ಲಿ ಯಾವ ಸಾಮಾನು ಬಳಸುತ್ತಿದ್ದರು, ಆ ಸಾಮಾನಿಗೆ ಯಾವ ಕಾಯಿಲೆ ಬರುತ್ತದೆ? ಹಾಗೆ ಅನುಮಾನ ಇರುವ ಕಟ್ಟಡಗಳನ್ನು ಮಾತ್ರ ಆರಿಸಿ ಸೀಲಿಂಗ್ ಬಿಚ್ಚಿ ನೋಡಬೇಕು, ಕೊರೆದು ನೋಡಬೇಕು. ಎಲ್ಲ ಕಡೆ ಕೊರೆಯುವಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ. ಮತ್ತೆ ನಮೂನೆಯಲ್ಲಿ 'ನೋಡಿಲ್ಲ' ಅಂತ ಬರೆಯೋಕೆ ಒಂದು ಖಾನೆ ಇರಲೇಬೇಕು. ನೋಡದೇ ಇದ್ದದ್ದನ್ನು 'ಸರಿ ಇದೆ' ಅಂತ ತುಂಬಿಸುವುದು ಈ ಕೆಲಸದಲ್ಲಿ ಮಾಡಬಹುದಾದ ಅತಿ ದೊಡ್ಡ ತಪ್ಪು.

ಆ ತಪ್ಪು ನಾನೂ ಮಾಡಿದ್ದೇನೆ. ಬಿರುಬೇಸಿಗೆಯ ಒಂದು ದಿನ, ಎರಡು ಗಂಟೆಯಲ್ಲಿ 14 ಕೊಠಡಿ ಮುಗಿಸಿ ಇನ್ನೊಂದು ಶಾಲೆಗೆ ಓಡುವ ಅವಸರ. ಸಭಾಂಗಣಕ್ಕೆ 'ಉತ್ತಮ, ಹೊಸ ಬಣ್ಣ' ಅಂತ ಬರೆದೆ. ಮಳೆಗಾಲದ ಒಂದು ರಾತ್ರಿ ವೇದಿಕೆಯ ಮೇಲಿನ ಗಿಲಾವು ಚಪ್ಪಡಿ ಚಪ್ಪಡಿಯಾಗಿ ಕಳಚಿ ಬಿತ್ತು. ರಾತ್ರಿ ಆದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮರುದಿನ ಹೋಗಿ ನಿಂತಾಗ, ಮಕ್ಕಳು ಬೆಳಿಗ್ಗೆ ಸಾಲಾಗಿ ನಿಲ್ಲುವ ಜಾಗದಲ್ಲಿ ಆ ಚೂರುಗಳು ಬಿದ್ದಿದ್ದವು. ಒಂದನ್ನು ಎತ್ತಿದೆ. ಎರಡು ಕೈ ಬೇಕಾಯ್ತು. ಒಂದು ಸಮಾರಂಭ ಇತ್ತು ಅಂತ ಚಾವಣಿಯ ಕಲೆ ಕಾಣದ ಹಾಗೆ ಬಣ್ಣ ಹೊಡೆಸಿದ್ದರು ಅಂತ ಆಮೇಲೆ ಗೊತ್ತಾಯ್ತು. ಅಂದಿನಿಂದ ಹೊಸ ಬಣ್ಣ ಕಂಡರೆ ಯಾವಾಗ ಹೊಡೆಸಿದ್ರಿ, ಯಾಕೆ ಹೊಡೆಸಿದ್ರಿ ಅಂತ ಕೇಳದೆ ಮುಂದೆ ಹೋಗುವುದಿಲ್ಲ. ಒಂದು ಶಾಲೆಗೆ ಒಂದು ದಿನ ಕೊಡಿ, ಸಾಧ್ಯವಾದರೆ ಮಳೆಗಾಲದಲ್ಲೇ ಕಳಿಸಿ ಅಂತ ಇಲ್ಲಿರುವ ಅಧಿಕಾರಿಗಳನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಳೇ ಕಟ್ಟಡಕ್ಕೆ ಆಮೇಲೆ ಏನೇನು ಸೇರಿಸಿದರು ಅನ್ನುವ ದಾಖಲೆಯೂ ಅಷ್ಟೇ ಮುಖ್ಯ. ಇಟಲಿಯ ಸಾನ್ ಜೂಲಿಯಾನೊ ದಿ ಪುಲಿಯಾ ಅನ್ನುವ ಸಣ್ಣ ಊರಿನಲ್ಲಿ 2002ರ ಅಕ್ಟೋಬರ್ 31ರಂದು ಭೂಕಂಪಕ್ಕೆ ಶಾಲೆ ಕುಸಿದು 27 ಮಕ್ಕಳು, ಒಬ್ಬ ಶಿಕ್ಷಕಿ ತೀರಿಕೊಂಡರು. ಹಳೇ ಕಲ್ಲುಗೋಡೆಯ ಕಟ್ಟಡದ ಮೇಲೆ ಭಾರದ ಕಾಂಕ್ರೀಟಿನ ಇನ್ನೊಂದು ಮಹಡಿ ಏರಿಸಿದ್ದರು. ಮರುವರ್ಷ ಇಟಲಿ ಭೂಕಂಪದ ನಿಯಮಗಳನ್ನೇ ಹೊಸದಾಗಿ ಬರೆದು, ಶಾಲೆಯಂಥ ಕಟ್ಟಡಗಳು ಭೂಕಂಪ ತಡೆಯುತ್ತವೆಯೇ ಅಂತ ಪರೀಕ್ಷೆ ಮಾಡಲೇಬೇಕು ಅಂದಿತು. ಅಮೆರಿಕದ ಕ್ಯಾಲಿಫೋರ್ನಿಯಾ ಇನ್ನೂ ಮೊದಲೇ ಎಚ್ಚೆತ್ತಿತ್ತು. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್ ಭೂಕಂಪದಲ್ಲಿ 70 ಶಾಲೆಗಳು ಹಾಳಾದವು. ಸಂಜೆ ಸುಮಾರು ಆರು ಗಂಟೆ, ಶಾಲೆ ಬಿಟ್ಟಾಗಿತ್ತು. ಕೆಲವು ಗಂಟೆ ಮುಂಚೆ ಆಗಿದ್ದರೆ ಅನ್ನುವ ಯೋಚನೆಯೇ ಸಾಕಾಯ್ತು. ಒಂದು ತಿಂಗಳಿಗೆ ಫೀಲ್ಡ್ ಕಾಯ್ದೆ ಬಂತು, ಸರ್ಕಾರಿ ಶಾಲೆಗಳ ನಕ್ಷೆಯನ್ನೂ ಕಟ್ಟುವ ಕೆಲಸವನ್ನೂ ರಾಜ್ಯವೇ ನೋಡಿ ಒಪ್ಪಬೇಕು ಅಂತ ಆಯ್ತು. ಕೆಲವು ವಿಷಯಗಳನ್ನು ಅಂಕ ಹಾಕಿ ಸರದಿಯಲ್ಲಿ ನಿಲ್ಲಿಸಬಾರದು. ಇದಕ್ಕಿಂತ ಕೆಳಗೆ ಇಳಿದರೆ ಆ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸುವುದೇ ಇಲ್ಲ ಅನ್ನುವ ಒಂದು ಗೆರೆ ಇರಬೇಕು, ದುಡ್ಡು ಇರಲಿ ಬಿಡಲಿ.

ಇನ್ನು ಎಲ್ಲರೂ ಎಡವುವ ಒಂದು ಜಾಗ. "ಅತಿ ಕೆಟ್ಟದ್ದು ಮೊದಲು" ಅನ್ನುವ ನಿಯಮ. ಕೇಳೋಕೆ ನ್ಯಾಯವಾಗಿದೆ, ನಾನೂ ಮೊದಮೊದಲು ಅದನ್ನೇ ಹೇಳುತ್ತಿದ್ದೆ. ಆದರೆ ಲೆಕ್ಕ ಹಾಕಿ ನೋಡಿ. ಈ ವರ್ಷ 100 ಪಾಲು ದುಡ್ಡಿದೆ. ಅಷ್ಟನ್ನೂ ಪೂರ್ತಿ ಹಾಳಾದ ಒಂದು ಶಾಲೆಯನ್ನು ಹೊಸದಾಗಿ ಕಟ್ಟೋಕೆ ಕೊಟ್ಟಿರಿ. ಅದೇ ವರ್ಷ ಇಪ್ಪತ್ತು ಶಾಲೆಗಳ ಚಾವಣಿಯ ನೀರು ತಡೆಯುವ ಪದರ ವಯಸ್ಸು ಮುಗಿಸುತ್ತಿದೆ, ಒಂದೊಂದಕ್ಕೆ 2 ಪಾಲು ಸಾಕಿತ್ತು. ಸಿಗಲಿಲ್ಲ. ಮೂರು ಮಳೆಗಾಲ ಕಳೆಯಿತು. ನೀರು ಕಾಂಕ್ರೀಟಿಗೆ ಇಳಿಯಿತು, ವೈರಿಂಗಿಗೆ ಇಳಿಯಿತು, ಗೋಡೆ ಬೂಸ್ಟು ಹಿಡಿಯಿತು. 2 ಪಾಲಿನ ಕೆಲಸ 15 ಪಾಲಿನದಾಯ್ತು, ಮತ್ತೆ ಅದು ಇಪ್ಪತ್ತು ಶಾಲೆಗಳಲ್ಲಿ. ನಾವು ಒಂದು ಕೆಟ್ಟ ಶಾಲೆಯನ್ನು ತೆಗೆದು ಇಪ್ಪತ್ತು ಕೆಟ್ಟ ಶಾಲೆಗಳನ್ನು ತಯಾರು ಮಾಡಿದೆವು. ಹಾಗಂತ ಹಾಳಾದ ಶಾಲೆಯ ಮಕ್ಕಳಿಗೆ ಕಾಯಿರಿ ಅನ್ನೋಕಾಗುತ್ತದಾ? ಆಗುವುದಿಲ್ಲ. ಅದಕ್ಕೇ ದುಡ್ಡನ್ನು ಮೊದಲೇ ಎರಡು ಗಂಟು ಮಾಡಿ ಅನ್ನುತ್ತೇನೆ. ಒಂದು ಗಂಟು ಅಪಾಯಕ್ಕೆ ಮತ್ತು ಮರುನಿರ್ಮಾಣಕ್ಕೆ. ಇನ್ನೊಂದು ಗಂಟು ಇನ್ನೂ ಚೆನ್ನಾಗಿರುವುದನ್ನು ಚೆನ್ನಾಗಿಯೇ ಉಳಿಸಿಕೊಳ್ಳೋಕೆ. ಎರಡನೇ ಗಂಟಿಗೆ ಕೈ ಹಾಕೋಕೆ ಎಲ್ಲರಿಗೂ ಆಸೆಯಾಗುತ್ತದೆ, ಯಾಕೆಂದರೆ ಚಾವಣಿಯ ಪದರಕ್ಕೆ ಯಾರೂ ರಿಬ್ಬನ್ ಕಟ್ಟಿ ಉದ್ಘಾಟನೆ ಮಾಡುವುದಿಲ್ಲ. ಕೈ ಹಾಕದಂತೆ ನಿಯಮವನ್ನೇ ಬರೆದುಬಿಡಬೇಕು.

ಅಪಾಯದ ಗಂಟಿನೊಳಗೆ ನನ್ನ ಸರದಿ ಹೀಗಿರುತ್ತದೆ. ಮೈಮೇಲೆ ಬೀಳುವಂಥದ್ದು, ಶಾಕ್ ಹೊಡೆಯುವಂಥದ್ದು, ಬೆಂಕಿಯಾದಾಗ ದಾರಿ ಕಟ್ಟುವಂಥದ್ದು ಎಲ್ಲಕ್ಕಿಂತ ಮೊದಲು. ಆಮೇಲೆ ನೀರು: ಮೇಲಿನಿಂದ ಬರುವ ನೀರು, ಕುಡಿಯುವ ನೀರು, ಶೌಚಾಲಯದ ನೀರು. ಶೌಚಾಲಯವನ್ನು ಸೌಕರ್ಯದ ಪಟ್ಟಿಗೆ ಸೇರಿಸುವವರ ಜೊತೆ ನಾನು ಜಗಳವಾಡಿದ್ದೇನೆ. ಇಡೀ ದಿನ ನೀರು ಕುಡಿಯದೆ ತಡೆದುಕೊಂಡು ಕೂರುವ ಹುಡುಗಿಗೆ ಅದು ಸೌಕರ್ಯವಲ್ಲ, ಆರೋಗ್ಯ. ಆಮೇಲೆ ಗಾಳಿ, ಬೆಳಕು, ಸದ್ದು. ಮುಚ್ಚಿದ ಕೊಠಡಿಯಲ್ಲಿ ಗಾಳಿ ಹೇಗಿದೆ ಅಂತ ತಿಳಿಯೋದು ಸುಲಭ: ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮಾಪಕ ಸಾಕು. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ 420 ಭಾಗದ ಆಸುಪಾಸು. ಕಿಟಕಿ ಮುಚ್ಚಿ ಮಕ್ಕಳು ತುಂಬಿದ ಕೊಠಡಿಯಲ್ಲಿ ಒಂದು ಪಾಠ ಮುಗಿಯುವಷ್ಟರಲ್ಲಿ 1,500 ದಾಟಬಹುದು. ಮಧ್ಯಾಹ್ನ ಮಕ್ಕಳು ತೂಕಡಿಸುವುದಕ್ಕೆ ಪಾಠವೊಂದೇ ಕಾರಣವಲ್ಲ ಅಂತ ಇಲ್ಲಿರುವ ಮೇಷ್ಟ್ರುಗಳಿಗೆ ಹೇಳಬೇಕು.

ಗಾಲಿಕುರ್ಚಿಯಲ್ಲಿ ಬರುವ ಮಗು ಬಾಗಿಲು ದಾಟೋಕೆ ಆಗುತ್ತದಾ ಅನ್ನುವುದನ್ನೂ ಸ್ಥಿತಿಯ ಲೆಕ್ಕಕ್ಕೇ ಸೇರಿಸಬೇಕು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2020ರಲ್ಲಿ ಕೊಟ್ಟ ಒಂದು ವರದಿಯ ಪ್ರಕಾರ, ಅಲ್ಲಿನ ಮೂರರಲ್ಲಿ ಎರಡು ಪಾಲು ಶಾಲಾ ಜಿಲ್ಲೆಗಳ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಥಳೀಯ ಆಡಳಿತಗಳ) ಶಾಲೆಗಳಲ್ಲಿ ಅಂಗವಿಕಲ ಮಕ್ಕಳಿಗೆ ಅಡ್ಡಿಯಾಗುವಂಥ ಏನಾದರೂ ಇತ್ತು. ಗೋಡೆ ಗಟ್ಟಿ, ಚಾವಣಿ ಗಟ್ಟಿ, ಒಂದು ಮಗು ಮಾತ್ರ ಒಳಗೆ ಬರೋಕಾಗಲ್ಲ ಅಂದರೆ ಆ ಮಗುವಿನ ಮಟ್ಟಿಗೆ ಆ ಶಾಲೆ ಕಟ್ಟಿಯೇ ಇಲ್ಲ.

ಈಗ ಅತಿ ಸೂಕ್ಷ್ಮವಾದ ವಿಷಯ. ಶಾಲೆಗಳೇ ತಮ್ಮ ಸ್ಥಿತಿಯನ್ನು ತಾವೇ ಬರೆದು ಅರ್ಜಿ ಹಾಕಬೇಕು ಅಂತಿದ್ದರೆ ಏನಾಗುತ್ತದೆ? ಚೆನ್ನಾಗಿ ಅರ್ಜಿ ಬರೆಯೋಕೆ ಬರುವವರಿಗೆ ದುಡ್ಡು ಹೋಗುತ್ತದೆ. ಪೋಷಕರಲ್ಲಿ ಒಬ್ಬ ಎಂಜಿನಿಯರ್, ಒಬ್ಬ ವಕೀಲ ಇರುವ ಶಾಲೆಯ ಅರ್ಜಿ ಫೋಟೋ, ನಕ್ಷೆ, ಅಂದಾಜುಪಟ್ಟಿ ಸಮೇತ ಬರುತ್ತದೆ. ಮುಖ್ಯೋಪಾಧ್ಯಾಯರೊಬ್ಬರೇ ಪಾಠವನ್ನೂ ಮಾಡಿ ಲೆಕ್ಕವನ್ನೂ ಬರೆಯುವ ಶಾಲೆಯ ಅರ್ಜಿ ಎರಡು ಸಾಲಿನದು, ಅಥವಾ ಬರುವುದೇ ಇಲ್ಲ. ಅರ್ಜಿ ಬಾರದ ಶಾಲೆಗೆ ತೊಂದರೆ ಇಲ್ಲ ಅಂತಲ್ಲ. ಅದಕ್ಕೇ ಹೊರಗಿನವರು ಎಲ್ಲ ಶಾಲೆಗೂ ಒಂದೇ ನಮೂನೆ ಹಿಡಿದು ಹೋಗಬೇಕು, ಕರೆದರೂ ಕರೆಯದಿದ್ದರೂ. ಅಲ್ಲಿಯ ಜನ ಅರ್ಧ ದುಡ್ಡು ಹಾಕಿದರೆ ಉಳಿದರ್ಧ ನಾವು ಕೊಡ್ತೀವಿ ಅನ್ನುವ ಯೋಜನೆಗಳೂ ಹೀಗೇ, ಇರುವವರಿಗೇ ಮತ್ತೆ ಸಿಗುತ್ತದೆ. ಅಮೆರಿಕದಲ್ಲಿ ಶಾಲಾ ಕಟ್ಟಡದ ದುಡ್ಡು ಬಹುಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದಲೇ ಬರುತ್ತಿತ್ತು. 1994ರಲ್ಲಿ ಅರಿಜೋನಾದ ಸುಪ್ರೀಂ ಕೋರ್ಟ್, ಇಂಥ ವ್ಯವಸ್ಥೆ ಆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. 1998ರಲ್ಲಿ ಅಲ್ಲಿ ಕಾನೂನು ಬಂತು: ಎಲ್ಲ ಶಾಲಾ ಕಟ್ಟಡಕ್ಕೂ ಕನಿಷ್ಠ ಮಟ್ಟ ಒಂದೇ, ಅದನ್ನು ಮುಟ್ಟಿಸೋಕೆ ದುಡ್ಡು ರಾಜ್ಯದ್ದು.

ಒಮ್ಮೆ ಪರಿಶೀಲನೆ ಮಾಡಿ ಕಡತ ಕಟ್ಟಿಟ್ಟರೆ ಆಗಲಿಲ್ಲ. ಅಮೆರಿಕದ ಅದೇ ಲೆಕ್ಕಪರಿಶೋಧನಾ ಕಚೇರಿ 1995ರಲ್ಲಿ ಇಡೀ ದೇಶದ ಲೆಕ್ಕ ಹಾಕಿ, ಶಾಲೆಗಳನ್ನು ಒಳ್ಳೆಯ ಸ್ಥಿತಿಗೆ ತರೋಕೆ 11,200 ಕೋಟಿ ಡಾಲರ್ ಬೇಕು, ಸುಮಾರು 1 ಕೋಟಿ 40 ಲಕ್ಷ ಮಕ್ಕಳು ದೊಡ್ಡ ರಿಪೇರಿ ಬೇಕಾದ ಶಾಲೆಗಳಲ್ಲಿದ್ದಾರೆ ಅಂದಿತ್ತು. 25 ವರ್ಷ ಬಿಟ್ಟು 2020ರಲ್ಲಿ ಮತ್ತೆ ನೋಡಿದಾಗ, ಶೇಕಡಾ 41ರಷ್ಟು ಶಾಲಾ ಜಿಲ್ಲೆಗಳಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಶಾಲೆಗಳ ಗಾಳಿ ಮತ್ತು ತಾಪ ನೋಡಿಕೊಳ್ಳುವ ಯಂತ್ರಗಳನ್ನು ಬದಲಿಸಬೇಕಿತ್ತು ಇಲ್ಲವೇ ಸುಧಾರಿಸಬೇಕಿತ್ತು, ಒಟ್ಟು ಸುಮಾರು 36,000 ಶಾಲೆಗಳಲ್ಲಿ. ಅಷ್ಟು ಶ್ರೀಮಂತ ದೇಶದಲ್ಲೇ ಹೀಗೆ.

ನೀವು ಕೇಳಿದ ಪ್ರಶ್ನೆಗಳಿಗೆ ಬರುತ್ತೇನೆ. ಮೊದಲ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ತಂದೆಯದು: "ಪಟ್ಟಿಯನ್ನ ಎಲ್ಲರಿಗೂ ತೋರಿಸಿದ್ರೆ ಗಲಾಟೆ ಆಗಲ್ವಾ ಸರ್?" ಆಗುತ್ತದೆ. ತೋರಿಸದಿದ್ದರೆ ಅದಕ್ಕಿಂತ ಜಾಸ್ತಿ ಆಗುತ್ತದೆ, ಜೊತೆಗೆ ಅನುಮಾನವೂ ಸೇರಿಕೊಳ್ಳುತ್ತದೆ. ನಿಮ್ಮ ಶಾಲೆಯ ಹೆಸರು 40ನೇ ಜಾಗದಲ್ಲಿದೆ, ಅದಕ್ಕೆ ಈ ಮೂರು ಕಾರಣ, ನಿಮ್ಮ ಸರದಿ ಸುಮಾರು ಇಂಥ ವರ್ಷ, ತಪ್ಪು ಅನ್ನಿಸಿದರೆ ಇಲ್ಲಿ ದೂರು ಕೊಡಿ ಅಂತ ಬರೆದು ಹಾಕಿದರೆ ಬಹಳ ಜನ ಒಪ್ಪುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು. ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿಗಳ ಪರವಾಗಿ ಹೂಡಿದ ಒಂದು ಮೊಕದ್ದಮೆ 2004ರಲ್ಲಿ ರಾಜಿಯಾಯಿತು. ಆಮೇಲಿಂದ ಅಲ್ಲಿ ಪ್ರತಿ ತರಗತಿಯಲ್ಲೂ ಒಂದು ನೋಟಿಸ್ ಅಂಟಿಸಿರಬೇಕು: ಶಾಲೆ ಶುಚಿಯಾಗಿ, ಸುರಕ್ಷಿತವಾಗಿ, ಸುಸ್ಥಿತಿಯಲ್ಲಿ ಇರಬೇಕು, ಇಲ್ಲದಿದ್ದರೆ ಹೀಗೆ ದೂರು ಕೊಡಿ ಅಂತ. ಮಕ್ಕಳೇ ಓದುವ ಎತ್ತರದಲ್ಲಿ ಅಂಥದ್ದೊಂದು ಕಾಗದ ಇದ್ದರೆ ಎಷ್ಟು ಒಳ್ಳೆಯದಲ್ವಾ.

ಎರಡನೆಯದು ಬಾಗಿಲ ಹತ್ತಿರ ಸಿಕ್ಕ ಅದೇ ತಾಯಿಯದು. "ಇಷ್ಟೆಲ್ಲ ಸರಿ ಸರ್. ನಾಳೆ ಬೆಳಿಗ್ಗೆ ನಾನೇನು ಮಾಡ್ಲಿ?" ಅಂದರು.

ಅಮ್ಮಾ, ಒಂದು ನೋಟ್‌ಬುಕ್ ತಗೊಳ್ಳಿ. ಶಾಲೆ ಗುಡಿಸುವವರನ್ನು ಮಾತಾಡಿಸಿ, ಬಕೆಟ್ ಎಲ್ಲಿಡ್ತೀರಿ ಅಂತ ಕೇಳಿ. ತಾರೀಖು, ಕೊಠಡಿ, ಏನು ಕಂಡಿತು, ಇಷ್ಟೇ ಬರೆಯಿರಿ. ಬಿರುಕು ಕಂಡರೆ ಅದರ ತುದಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಪಕ್ಕದಲ್ಲೇ ತಾರೀಖು ಹಾಕಿ, ಮೂರು ತಿಂಗಳು ಬಿಟ್ಟು ನೋಡಿ ಗೆರೆ ದಾಟಿದೆಯಾ ಅಂತ. ಸರಳು ಕಂಡರೆ, ಬೋರ್ಡ್ ಬಿಸಿಯಾದರೆ, ಬಾಗಿಲು ಚೌಕಟ್ಟಿನಲ್ಲಿ ಇದ್ದಕ್ಕಿದ್ದಂತೆ ಬಿಗಿಯಾದರೆ ಮೂರು ತಿಂಗಳು ಕಾಯಬೇಡಿ, ಆವತ್ತೇ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಮತ್ತೆ ಮುಂದಿನ ಸಮಾರಂಭಕ್ಕೆ ಸುಣ್ಣ ಬಣ್ಣ ಮಾಡಿಸೋಣ ಅಂತ ಯಾರಾದರೂ ಹೇಳಿದರೆ, ಬಣ್ಣದವನು ಏಣಿ ಹತ್ತುವ ಮೊದಲು ಎಲ್ಲ ಕೊಠಡಿಯ ಚಾವಣಿಯ ಫೋಟೋ ತೆಗೆದಿಟ್ಟುಕೊಳ್ಳಿ. ನಾವು ಬಂದಾಗ ತೋರಿಸಿ.